ಹಸಿರು ತಾಟು

ಹೆಂಗಸೊಬ್ಬಳು ಉಣ್ಣುವುದನ್ನು ನೋಡಿಯೇ ಅವಳ ಹೊಟ್ಟೆಯಲ್ಲಿ ಅಡಗಿ ಕೂತ ರೋಗದ ಸುಳಿವು ಕೊಡುವ ತಾಟೊಂದು ಇದ್ದರೆ ಹೇಗೆ? ಇದ್ದರೆ ಅನ್ನುವುದೇನು, ಇತ್ತು. ಗುಳೇದಗುಡ್ಡದ ಮನೆಮನೆಗೂ ನಾವೇ ಕೊಟ್ಟಿದ್ದೆವು. ನನ್ನ ಹೆಸರು ಸಿಂಚನಾ. ಬಾಗಲಕೋಟೆಯ ನಿಯಂತ್ರಣ ಕೊಠಡಿಯಲ್ಲಿ ಕೂತು ಆ ತಾಟುಗಳನ್ನು ಕಾಯುವ ಕೆಲಸ ನನ್ನದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಕೊಠಡಿಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇದನ್ನು ಪೂರ್ತಿ ಕೇಳಿ, ಆಮೇಲೆ ನೀವೇ ಹೇಳಿ ನನ್ನ ಸಿಟ್ಟು ಜಾಸ್ತಿಯಾಯಿತೋ ಕಡಿಮೆಯಾಯಿತೋ ಎಂದು.

ತಾಟು ಅಂದರೆ ಮಾಮೂಲಿ ಊಟದ ತಾಟಿನಷ್ಟೇ ಅಗಲ. ತಳದಲ್ಲಿ ಕಣ್ಣಿಗೆ ಕಾಣದ ಬೆಳಕು ಹಾಯುತ್ತದೆ. ಆ ಬೆಳಕು ಬಡಿಸಿದ ಪದಾರ್ಥಕ್ಕೆ ತಾಗಿ ಮರಳುವಾಗ ಇದು ರೊಟ್ಟಿ, ಇದು ಮಡಿಕೆ ಕಾಳು, ಇದು ಎಣ್ಣೆ, ಇದು ಮೊಸರು ಎಂದು ಯಂತ್ರಕ್ಕೆ ಗೊತ್ತಾಗುತ್ತದೆ. ಎಷ್ಟು ಬಡಿಸಿದರು, ಎಷ್ಟು ಹೊತ್ತಿನಲ್ಲಿ ಉಂಡರು, ಎಷ್ಟು ಬಿಟ್ಟರು, ಎಲ್ಲವೂ ನಮ್ಮ ಕೊಠಡಿಯ ಗೋಡೆ ತುಂಬಿದ ಪರದೆಗೆ ಬರುತ್ತದೆ, ಮನೆಗೊಂದು ದೀಪದಂತೆ. ಊಟದಿಂದಲೇ ಅಂಡಾಶಯದ ಕ್ಯಾನ್ಸರ್ ಬರುತ್ತದೆ, ಊಟದಿಂದಲೇ ಹೋಗುತ್ತದೆ ಎಂದು ತಿಳಿದವರು ಯಾರೂ ಹೇಳುವುದಿಲ್ಲ. ಮನೆತನ, ವಯಸ್ಸು, ಹೆರಿಗೆ, ಮೈತೂಕ, ಇಂಥ ಹತ್ತು ಎಳೆಗಳ ನಡುವೆ ಊಟದ್ದೂ ಒಂದು ತೆಳು ಎಳೆ. ಆದರೆ ಈ ರೋಗಕ್ಕೆ ಒಂದು ಕಳ್ಳಬುದ್ಧಿ ಇದೆ. ಮೊದಮೊದಲು ನೋವು ಕೊಡುವುದಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ನಾಲ್ಕು ತುತ್ತಿಗೇ ಸಾಕೆನಿಸುತ್ತದೆ, ಅಷ್ಟೇ. ಎಲ್ಲರೂ ಗ್ಯಾಸು ಅಂತ ಸುಮ್ಮನಾಗುತ್ತಾರೆ. ನಮ್ಮ ತಾಟು ಸುಮ್ಮನಾಗುವುದಿಲ್ಲ ಎಂಬುದೇ ನಮ್ಮ ಹೆಮ್ಮೆಯಾಗಿತ್ತು. ಪೂರ್ತಿ ಉಂಡರೆ ಅಂಚಿನ ದೀಪ ಹಸಿರು. ಅರ್ಧಕ್ಕೆ ಬಿಟ್ಟರೆ ಕಿತ್ತಳೆ. ಕಿತ್ತಳೆ ಮೇಲಿಂದ ಮೇಲೆ ಬಂತೋ, ಚಾಲಕನಿಲ್ಲದ ತಪಾಸಣೆ ಗಾಡಿ ತಾನಾಗಿ ಆ ಓಣಿಗೆ ಹೋಗಿ ನಿಲ್ಲುತ್ತದೆ. ಒಳಗೆ ಸ್ಕ್ಯಾನು, ರಕ್ತಪರೀಕ್ಷೆ, ಒಬ್ಬ ನರ್ಸು.

ಎರಡು ವರ್ಷ ನಮ್ಮ ಗೋಡೆ ಜೋಳದ ಹೊಲದ ಹಾಗೆ ಹಸಿರಾಗಿತ್ತು. ಯೋಜನೆಯ ಮುಖ್ಯಸ್ಥರು ಡಾ. ವಿದ್ಯಾಧರ ಕುಂದರಗಿ, ಧಾರವಾಡದವರು. ಅವರಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ನೋಡ್ರಿ ಸಿಂಚನಾ, ಎರಡೂವರೆ ರೊಟ್ಟಿ, ಕಾಳಪಲ್ಯ, ಗುರೆಳ್ಳು ಚಟ್ನಿ, ಹಸಿ ಮೆಂತ್ಯ, ಮೊಸರು! ಒಂದು ಅಗಳು ಬಿಡೂದಿಲ್ಲ ಈ ಹೆಣ್ಣಮಕ್ಕಳು. ಜಗತ್ತಿನ್ಯಾಗ ಇಂಥಾ ಊಟ ಎಲ್ಲಿ ಅದ ತೋರಸ್ರಿ ನನಗ."

ಗುಳೇದಗುಡ್ಡದ ನೇಕಾರ ಹೆಂಗಸರ ಊಟವೇ ಅವರಿಗೆ ರಕ್ಷೆ ಎಂದು ಅವರು ಪ್ರಬಂಧ ಬರೆದರು. ಟೀವಿಯವರು ಬಂದರು. ರೊಟ್ಟಿಗೆ ಹಾರ ಹಾಕುವುದೊಂದು ಬಾಕಿ. ಇಷ್ಟು ಹಸಿರು ಇರುವಾಗ ಇಷ್ಟೊಂದು ಗಾಡಿ ಯಾಕೆ ಎಂದು ಮೇಲಿನವರು ಕೇಳಿದರು. ಗಾಡಿಗಳು ಕಡಿಮೆಯಾದವು. ನನ್ನ ತವರೂರು ಅದೇ ಆದ್ದರಿಂದ ನಾನೂ ಸ್ವಲ್ಪ ಎದೆಯುಬ್ಬಿಸಿಕೊಂಡು ಓಡಾಡಿದ್ದೆ.

ನಮ್ಮ ಮನೆಯ ತಾಟು ನನ್ನ ವೈನಿಯ ಹೆಸರಿನಲ್ಲಿತ್ತು. ವೈನಿ ಅಂದರೆ ಅಣ್ಣ ಸಂಗಮೇಶನ ಹೆಂಡತಿ, ಭೂಮಿಕಾ. ಅಣ್ಣ ಮನೆಯಲ್ಲೇ ಕುಪ್ಪಸದ ಖಣ ನೇಯುವ ಮಗ್ಗ ನಡೆಸುತ್ತಾನೆ, ವೈನಿ ಕಂಡಿಕೆಗೆ ನೂಲು ಸುತ್ತುತ್ತಾಳೆ. ಅವ್ವ ತೀರಿಕೊಂಡ ಮೇಲೆ ನನ್ನ ತಲೆ ಬಾಚಿ, ಬಯ್ದು, ಓದಿಸಿ, ನೌಕರಿಗೆ ಕಳಿಸಿದವಳು ಅವಳೇ. ಹಾಗಾಗಿ ಪ್ರತಿ ಮಧ್ಯಾಹ್ನ ಗೋಡೆಯ ಮೇಲೆ ಅವಳ ದೀಪ ಹುಡುಕುವುದು ನನಗೆ ಒಂದು ಚಟ. ಹಸಿರು ಕಂಡರೆ, ಹ್ಞಾಂ, ವೈನಿ ಉಂಡಳು ಅಂದುಕೊಂಡು ನಾನು ಕ್ಯಾಂಟೀನಿಗೆ ಹೋಗುತ್ತಿದ್ದೆ.

ಶ್ರಾವಣದಲ್ಲಿ ಊರಿಗೆ ಹೋದಾಗ ವೈನಿಯ ಹೊಟ್ಟೆ ಮುಂದೆ ಬಂದಿತ್ತು, ಮುಖ ಮಾತ್ರ ಒಣಗಿತ್ತು. ಪಕ್ಕದ ಮನೆಯ ಐಶ್ವರ್ಯಾ ಕಾಕು ಬಾಗಿಲಲ್ಲೇ ಚೇಷ್ಟೆ ಶುರು ಮಾಡಿದಳು.

"ಏನ ಭೂಮಿಕಾ, ಈ ವಯಸ್ಸಿನ್ಯಾಗ ತೊಟ್ಲಾ ಕಟ್ಟಸ್ತೀಯೇನು?"

"ಸುಮ್ಮಿರ್ರಿ ಕಾಕು, ನಾಚಿಕಿ ಬರ್ತೈತಿ. ಗ್ಯಾಸ್ ಐತಿ, ಗ್ಯಾಸ್."

ನಾನೂ ನಕ್ಕೆ. ದಿನಾ ಅಷ್ಟು ಚೆನ್ನಾಗಿ ಉಣ್ಣುವವಳಿಗೆ ಏನಾದೀತು? ಜೀರಿಗೆ ಕಷಾಯ ಕುಡೀರಿ ವೈನಿ ಅಂದು ಬಸ್ಸು ಹತ್ತಿದೆ.

ಹದಿನೈದು ದಿನವಾಗಿರಲಿಲ್ಲ, ಅಣ್ಣ ಅವಳನ್ನು ಬಾಗಲಕೋಟೆಯ ಆಸ್ಪತ್ರೆಗೆ ಕರೆತಂದ. ಉಸಿರಾಡುವುದೂ ಕಷ್ಟವಾಗಿತ್ತು. ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಹೊಟ್ಟೆಯ ನೀರು ತೆಗೆಸಿ, ಸ್ಕ್ಯಾನು ನೋಡಿ, ನಮ್ಮಿಬ್ಬರನ್ನು ಕೂರಿಸಿಕೊಂಡು ಹೇಳಿದರು. ಅಂಡಾಶಯದ್ದು. ಹೊಟ್ಟೆಯ ಪರದೆಗೆಲ್ಲ ಹರಡಿದೆ. ಮೊದಲು ಔಷಧಿ ಹಾಕಿ, ಗಡ್ಡೆ ಕುಗ್ಗಿದರೆ ಆಪರೇಷನ್ ಮಾಡಬಹುದು. ಆರು ತಿಂಗಳು ಮೊದಲು ಬಂದಿದ್ದರೆ ಮಾತೇ ಬೇರೆಯಿತ್ತು.

ಅಣ್ಣ ಡಾಕ್ಟರ ಬಾಯಿಯನ್ನೇ ನೋಡುತ್ತಿದ್ದ. ಅವನಿಗೆ ಒಂದು ಮಾತೂ ಅರ್ಥವಾದಂತೆ ಕಾಣಲಿಲ್ಲ.

"ಊಟ ಸೇರದೆ ಎಷ್ಟು ದಿನ ಆಯ್ತು?" ಆಮೇಲೆ ವೈನಿಯ ಹಾಸಿಗೆಯ ಬಳಿ ಬಂದು ಡಾಕ್ಟರು ಅವಳನ್ನು ಕೇಳಿದರು.

"ವರ್ಷ ಆಗಾಕ ಬಂತ್ರಿ. ಅರ್ಧಾ ರೊಟ್ಟಿಗೆ ಹೊಟ್ಟಿ ಉಬ್ಬಿ ಬರ್ತೈತ್ರಿ."

ನಾನು ಬಾಯಿ ಹಾಕಿದೆ. "ಏನ್ ಹೇಳಾಕತ್ತೀರಿ ವೈನಿ? ಮೊನ್ನಿನೂ ಎರಡೂವರಿ ರೊಟ್ಟಿ ಉಂಡೀರಿ. ನಾನಽ ನೋಡೇನಿ!"

ವೈನಿ ನನ್ನನ್ನು ನೋಡಿ, ಏನೋ ಹೇಳಲು ಹೋಗಿ, ಕಣ್ಣು ಮುಚ್ಚಿಕೊಂಡಳು. ಸುಸ್ತಾಗಿದೆ ಎಂದು ನರ್ಸು ನಮ್ಮನ್ನು ಹೊರಗೆ ಕಳಿಸಿದಳು.

ಮಾರನೆಯ ದಿನ ಬೇಕಾದ ಸಾಮಾನು ತರಲು ಅಣ್ಣ ಊರಿಗೆ ಹೋದ. ವೈನಿಯ ಹಾಸಿಗೆಯ ಪಕ್ಕ ಅವಳ ತಂಗಿ ಕೂತಿದ್ದಳು. ರಜೆ ಹೇಳಿ ಬರೋಣ ಎಂದು ನಾನು ಕೊಠಡಿಗೆ ಹೋದೆ. ಊಟದ ಹೊತ್ತು. ಗೋಡೆ ಎಂದಿನಂತೆ ಹಸಿರಾಗುತ್ತಿತ್ತು. ಅಭ್ಯಾಸಬಲದಿಂದ ನನ್ನ ಕಣ್ಣು ವೈನಿಯ ದೀಪದ ಜಾಗಕ್ಕೆ ಹೋಯಿತು.

ದೀಪ ಹತ್ತಿತ್ತು!

ಎರಡೂವರೆ ರೊಟ್ಟಿ. ಪುಂಡಿಪಲ್ಯ. ಶೇಂಗಾ ಚಟ್ನಿ. ಮೊಸರು. ಭೂಮಿಕಾ ಸಂಗಮೇಶ, ಊಟ ನಡೆದಿದೆ, ಆರೋಗ್ಯಕರ ವೇಗ. ಭೂಮಿಕಾ ಸಂಗಮೇಶ ಕೈಗೆ ಸೂಜಿ ಚುಚ್ಚಿಸಿಕೊಂಡು ಎರಡು ರಸ್ತೆ ಆಚೆ ಮಲಗಿದ್ದಾಳೆ, ತುಟಿಗೆ ನೀರೂ ಮುಟ್ಟಿಸುತ್ತಿಲ್ಲ. ದೆವ್ವ ಉಣ್ಣುತ್ತಿದೆಯೇನೋ ಅನ್ನಿಸಿತು, ಸುಳ್ಳಲ್ಲ. ಮನೆಗೆ ಫೋನು ಹಚ್ಚಿದೆ. ಅಣ್ಣ ತುತ್ತು ನುಂಗಿಕೊಂಡು ಮಾತಾಡಿದ.

"ಏನವ್ವಾ? ಉಣ್ಣಾಕತ್ತೇನಿ. ಐಶ್ವರ್ಯಾ ಕಾಕು ರೊಟ್ಟಿ ಕಳಿಸ್ಯಾಳ. ಉಂಡವನಽ ಬಸ್ ಹಿಡೀತೇನಿ."

"ಯಾವ ತಾಟಿನ್ಯಾಗ ಉಣ್ಣಾಕತ್ತೀ ಅಣ್ಣಾ?"

"ನನ್ನ ತಾಟಿನ್ಯಾಗ. ದೀಪದ ತಾಟು."

"ಅದು ವೈನೀದು!"

"ವೈನಿ ಹೆಸರಿಲೆ ಕೊಟ್ಟಾರ, ಖರೇ. ಆದ್ರ ಅಂಥಾ ಛಲೋ ತಾಟಿನ್ಯಾಗ ನಾ ಹೆಂಗ ಉಣ್ಣಲಿ, ನೀವಽ ಉಣ್ರಿ ಅಂದ್ಲು ಆಕಿ. ಅವತ್ತಿನಿಂದ ನಾನಽ ಉಣ್ಣಾಕತ್ತೇನಿ. ಯಾಕ, ಏನಾತು?"

ಏನಾಯಿತು ಅಂತೆ! ಎರಡು ವರ್ಷ ನಾನು ವೈನಿ ಉಂಡಳು ಅಂದುಕೊಂಡು ನೋಡಿದ್ದೆಲ್ಲ ಅಣ್ಣನ ಊಟ. ನಾನು ಊರಿಗೆ ಹೋಗುತ್ತಿದ್ದುದು ಹಬ್ಬಹರಿದಿನಕ್ಕೆ, ಆಗ ಎಲ್ಲರದೂ ಬಾಳೆಲೆಯ ಊಟ. ತಾಟು ಕೊಡುವಾಗ ದಾಖಲಿಸಿದ ಅವಳ ರಕ್ತ, ಅವಳ ವಯಸ್ಸು, ಅವಳ ಮನೆತನದ ವಿವರ, ಅದರ ಮುಂದೆ ಅವನ ರೊಟ್ಟಿ. ಯಂತ್ರ ಎರಡನ್ನೂ ಕೂಡಿಸಿ ಈಕೆ ಗಟ್ಟಿಮುಟ್ಟಾಗಿದ್ದಾಳೆ ಎಂದು ದಿನಾ ಹಸಿರು ತೋರಿಸುತ್ತಿತ್ತು.

ಕುಂದರಗಿಯವರ ಕೋಣೆಗೆ ನುಗ್ಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ನಿಮ್ಮ ಮನ್ಯಾಗ ಹಿಂಗಾಗಿರಬೇಕು. ನಾವು ಮನಿ ಮನಿಗೂ ಹೋಗಿ ತಿಳಿಸಿ ಹೇಳಿಲ್ಲೇನು, ಇದು ಹೆಣ್ಣಮಕ್ಕಳ ತಾಟು ಅಂತ?"

"ಹೇಳೀವ್ರಿ ಸರ್. ಅವರೂ ಹ್ಞೂಂ ಅಂದಾರ. ನಡೀರಿ, ನಾಳೆ ಊಟದ ಹೊತ್ತಿಗೆ ಹೋಗಿ ನೋಡೂಣು."

ಹೋದೆವು. ನಮ್ಮ ಓಣಿಯ ಮೊದಲನೆಯ ಮನೆಯಲ್ಲಿ ದೀಪದ ತಾಟಿನ ಮುಂದೆ ಗಂಡ ಕೂತಿದ್ದ. ಎರಡನೆಯದರಲ್ಲಿ ಮಗ. ಮೂರನೆಯದರಲ್ಲಿ ಸೋಲಾಪುರದಿಂದ ಬಂದ ಬೀಗರು. ಇನ್ನೊಂದು ಮನೆಯಲ್ಲಿ ತಾಟು ದೇವರ ಜಗಲಿಯ ಮೇಲಿತ್ತು, ಅದರಲ್ಲಿ ನೈವೇದ್ಯ! ಆ ಮನೆಯಾಕೆಗೆ ಉಪವಾಸ ಜಾಸ್ತಿ ಎಂದು ನಮ್ಮ ಯಂತ್ರ ಷರಾ ಬರೆದಿತ್ತು. ಚಾಲಕನಿಲ್ಲದ ಗಾಡಿ ಓಡಾಡುವ ಕಾಲ, ಮಗ್ಗದ ಮುಂದೆ ಮನುಷ್ಯ ಕೂರದಿದ್ದರೂ ಸೀರೆ ಇಳಿಯುವ ಕಾಲ. ಛಲೋ ತಾಟು ಮಾತ್ರ ಗಂಡಸಿನ ಮುಂದೆ.

ಕುಂದರಗಿಯವರು ಒಬ್ಬಾಕೆಯನ್ನು ಕೇಳಿಯೇಬಿಟ್ಟರು. "ಅವ್ವಾರ, ಹಂಗಾದ್ರ ನೀವು ಎದರಾಗ ಉಣ್ತೀರಿ?"

"ಎದರಾಗ ಅಂದ್ರ? ಕೈಯಾಗ."

ಆಕೆ ಒಲೆಯ ಪಕ್ಕ ನಿಂತಿದ್ದಳು. ಎಡಗೈಯ ಮೇಲೆ ರೊಟ್ಟಿ, ಅದರ ಮೇಲೆ ಗಡಿಗೆಯ ತಳ ಕೆರೆದ ಪಲ್ಯ. ರೊಟ್ಟಿಯೇ ತಾಟು. ನಾನೂ ಅಂಥ ಮನೆಯಲ್ಲೇ ಬೆಳೆದವಳು. ಅವ್ವನೂ ಹಾಗೇ ನಿಂತು ತಿನ್ನುತ್ತಿದ್ದಳು. ಅದು ಊಟ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ನಮ್ಮೂರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕುಂದರಗಿಯವರು ಆ ರೊಟ್ಟಿಯನ್ನು ಎಷ್ಟೋ ಹೊತ್ತು ನೋಡಿದರು. "ಇಷ್ಟೇನಾ?" ಅಂದರು. "ಇದ್ದದ್ದು ಇಷ್ಟು" ಅಂದಳು ಆಕೆ.

ಐಶ್ವರ್ಯಾ ಕಾಕುವಿನ ಮನೆಯ ಕಟ್ಟೆಗೆ ಬಂದಾಗ ನನ್ನ ತಲೆಯಲ್ಲಿ ಇನ್ನೊಂದು ಸಿಡಿಲು ಹೊಡೆಯಿತು. ಹಿಂದಿನ ವರ್ಷ ಈಕೆಯ ತಾಟು ತಿಂಗಳುಗಟ್ಟಲೆ ಕಿತ್ತಳೆಯಾಗಿತ್ತು. ಗಾಡಿ ಎರಡು ಸಲ ಬಂದು ಕಾಕುವನ್ನು ತಪಾಸಣೆ ಮಾಡಿತ್ತು. ಏನೂ ಸಿಗಲಿಲ್ಲ. ಇಂಥ ಸುಳ್ಳು ಕಿತ್ತಳೆಗಳು ಊರಲ್ಲಿ ಹತ್ತಿಪ್ಪತ್ತು ಬಂದವು. ಯಂತ್ರಕ್ಕೆ ಸುಮ್ಮಸುಮ್ಮನೆ ಬೆದರುವ ರೋಗ ಎಂದು ನಮ್ಮ ಎಂಜಿನಿಯರು ಅದರ ಸೂಕ್ಷ್ಮತೆಯನ್ನು ತಗ್ಗಿಸಿದ್ದ.

"ಕಾಕು, ಹ್ವಾದ ವರ್ಷ ಈ ತಾಟಿನ್ಯಾಗ ಯಾರು ಉಣ್ತಿದ್ರು?"

"ಇನ್ಯಾರು ಉಣ್ಣಬೇಕು? ನಿಮ್ಮ ಕಾಕಾ. ಪಾಪ, ಕಡೀಕಡೀಗೆ ಎರಡ ತುತ್ತ ಇಳೀತಿರಲಿಲ್ಲ."

ಕಾಕಾ ಜಠರದ ಕ್ಯಾನ್ಸರಿನಿಂದ ಸತ್ತಿದ್ದರು. ತಾಟು ಅವರಿಗಾಗಿ ತಿಂಗಳುಗಟ್ಟಲೆ ಬಡಕೊಂಡಿತ್ತು. ನಾವು ಗಾಡಿ ಕಳಿಸಿ ಅವರ ಹೆಂಡತಿಯ ಹೊಟ್ಟೆ ನೋಡಿ ವಾಪಸು ಬಂದಿದ್ದೆವು. ಕುಂದರಗಿಯವರು ಕಾಕುವಿನ ಕಟ್ಟೆಯ ಮೇಲೆ ದೊಪ್ಪನೆ ಕೂತುಬಿಟ್ಟರು. ಕಾಕು ಗಾಬರಿಯಾಗಿ ನೀರು ತಂದುಕೊಟ್ಟಳು.

ಅವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಅವತ್ತೇ ಅವರು ತಮ್ಮ ಪ್ರಬಂಧ ಹಿಂದಕ್ಕೆ ತೆಗೆದುಕೊಂಡರು, ಮೇಲಿನವರೊಡನೆ ಜಗಳ ಮಾಡಿ ಗಾಡಿಗಳನ್ನು ವಾಪಸು ತರಿಸಿದರು. ಆದರೆ ಗಾಡಿ ಮೊದಲು ಯಾರ ಮನೆಗೆ ಹೋಗಬೇಕು? ಊರು ದೊಡ್ಡದು, ಗಾಡಿ ಕೆಲವೇ. ವೈನಿಯ ಹಾಗೆ ಅರ್ಧ ರೊಟ್ಟಿಗೆ ಹೊಟ್ಟೆ ಉಬ್ಬರಿಸಿಕೊಂಡು ಗ್ಯಾಸು ಎನ್ನುತ್ತಿರುವವರು ಎಷ್ಟು ಜನರೋ, ಯಾವ ಓಣಿಯಲ್ಲೋ. ತಡವಾದಷ್ಟೂ ಅವರ ಆಯುಸ್ಸು ಕರಗುತ್ತದೆ. ಕೊನೆಗೆ ಒಂದು ದಾರಿ ಕಂಡಿತು. ಒಂದು ವಾರ, ಮಧ್ಯಾಹ್ನ, ಮನೆಯಲ್ಲಿ ಹೆಂಗಸೇ ಎಲ್ಲರಿಗಿಂತ ಮೊದಲು ದೀಪದ ತಾಟಿನಲ್ಲಿ ಉಣ್ಣಬೇಕು. ಅವಳು ಎದ್ದ ಮೇಲೆ ಉಳಿದವರು. ನೇಕಾರ ಸಂಘದವರು ಓಣಿ ಓಣಿಯಲ್ಲಿ ಧ್ವನಿವರ್ಧಕದಲ್ಲಿ ಸಾರಿದರು. ಕೆಲವು ಮುದುಕರು ಗೊಣಗಿದರು. ನಾನು ಅವರ ಬಾಯಿ ಮುಚ್ಚಿಸಿದ ರೀತಿಯನ್ನು ಇಲ್ಲಿ ಬರೆಯುವಂತಿಲ್ಲ.

ಅಷ್ಟು ಹೊತ್ತಿಗೆ ವೈನಿಗೆ ಔಷಧಿಯ ಎರಡು ಸುತ್ತು ಮುಗಿದಿತ್ತು. ತಲೆಗೂದಲು ಹೋಗಿತ್ತು. ಆಪರೇಷನ್ನಿಗೆ ಮೊದಲು ಸ್ವಲ್ಪ ಶಕ್ತಿ ಬರಲಿ ಎಂದು ಡಾಕ್ಟರು ಮನೆಗೆ ಕಳಿಸಿದ್ದರು. ಬೇಳೆ, ಕಾಳು, ಮೊಸರು, ಸ್ವಲ್ಪಸ್ವಲ್ಪವೇ ಪದೇ ಪದೇ ಕೊಡಿ, ಬಲವಂತ ಬೇಡ ಎಂದು ಹೇಳಿದ್ದರು. ಅವಳೂ ಪರೀಕ್ಷೆಯ ವಾರಕ್ಕೆ ಸೇರಿಕೊಂಡಳು. "ನನ್ನಿಂದ ನಾಕ ಮಂದಿಗೆ ಒಳ್ಳೇದಾದ್ರ ಆಗಲೇಳು" ಅಂದಳು.

ಮೊದಲ ದಿನ ಮಧ್ಯಾಹ್ನ ಕೊಠಡಿಯಲ್ಲಿ ಎಲ್ಲರೂ ಗೋಡೆಯ ಮುಂದೆ ನಿಂತಿದ್ದೆವು. ಊಟದ ಹೊತ್ತಾಯಿತು. ಒಂದೂ ದೀಪ ಹತ್ತಲಿಲ್ಲ. ಎಂಜಿನಿಯರು ವೈರು ತಪಾಸಣೆಗೆ ಹೊರಟ.

"ವೈರ್ ಸರಿ ಐತಿ, ಕೂಡ್ರಿ" ಅಂದೆ. "ಯಾರಿಗೂ ಮೊದಲು ಕುಂಡ್ರಾಕ ಧೈರ್ಯ ಆಗವಲ್ದು."

ಕಡೆಗೆ ಒಂದು ಹತ್ತಿತು. ಮತ್ತೆರಡು. ಆಮೇಲೆ ದಬದಬನೆ ಗೋಡೆಯ ತುಂಬ. ಬಡಿಸಿದ್ದು ಒಂದು ರೊಟ್ಟಿ, ಚಟ್ನಿ. ಒಂದೂವರೆ ರೊಟ್ಟಿ, ಪಲ್ಯ. ನಿನ್ನೆಯ ಅನ್ನ, ಮಜ್ಜಿಗೆ. ರೊಟ್ಟಿ, ಉಪ್ಪು, ಹಸಿಮೆಣಸಿನಕಾಯಿ. ಇಷ್ಟು ದಿನ ನಾವು ಜಗತ್ತಿಗೆ ತೋರಿಸಿದ ಊಟ ಅಲ್ಲೆಲ್ಲೂ ಇರಲಿಲ್ಲ. ನೋಡನೋಡುತ್ತಲೇ ಹಸಿರಿನ ನಡುನಡುವೆ ಕಿತ್ತಳೆ ಮೂಡತೊಡಗಿತು. ಅಲ್ಲೊಂದು, ಇಲ್ಲೊಂದು, ಹೊಸಪೇಟೆ ಓಣಿಯಲ್ಲಿ ಸಾಲಾಗಿ ನಾಲ್ಕು. ಅಷ್ಟೇ ಬಡಿಸಿಕೊಂಡದ್ದನ್ನೂ ಉಣ್ಣಲಾಗದೆ ಬಿಟ್ಟವರು. ಕುಂದರಗಿಯವರು ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

ವೈನಿಯ ದೀಪವೂ ಹತ್ತಿತು. ಒಂದು ರೊಟ್ಟಿ, ಹೆಸರುಬೇಳೆ. ಕಾಲು ರೊಟ್ಟಿಗೆ ಕೈ ನಿಂತಿತು. ಕಿತ್ತಳೆ. ನಿಯಮದ ಪ್ರಕಾರ ನಾನೇ ಮನೆಗೆ ಫೋನು ಮಾಡಬೇಕು. ಮಾಡಿದೆ.

"ವೈನಿ, ಊಟ ಯಾಕ ಬಿಟ್ರಿ?"

"ಒಲ್ಲೆ ಸಿಂಚೂ, ಮ್ಯಾಲ ಬಂದಂಗ ಆಗ್ತೈತಿ." ಅವಳ ದನಿ ಸಣ್ಣಗಾಗಿತ್ತು, ಆದರೆ ಎಂದಿನ ಅಕ್ಕರೆಯಿತ್ತು. "ನೀ ಅಲ್ಲಿ ಕುಂತು ಜೀವಕ್ಕ ಹಚ್ಕೋಬ್ಯಾಡ. ತಾಟಿನ್ಯಾಗ ಬಾಳ ಉಳದೈತಿ, ಚೆಲ್ಲಾಕ ಮನಸ ಬರವಲ್ದು. ನಿಮ್ಮಣ್ಣ ಹಸ್ಕೊಂಡು ಕುಂತಾನ. ಇದರಾಗಽ ಅವಗೂ ಬಡಿಸಿಬಿಡ್ತೇನಿ. ತಾಟು ಹಸಿರ ಆಗ್ತೈತಿ, ನಿನಗೂ ಸಮಾಧಾನ. ಇಲ್ಲೆ ಎಲ್ಲಾರೂ ಹಂಗಽ ಮಾಡಾಕತ್ತಾರ."

ನಾನು ತಲೆ ಎತ್ತಿದೆ. ಗೋಡೆಯ ಮೇಲೆ ಕಿತ್ತಳೆ ದೀಪಗಳು ಹಸಿರಾಗುತ್ತಿದ್ದವು. ಹೊಸಪೇಟೆ ಓಣಿಯ ನಾಲ್ಕರಲ್ಲಿ ಮೂರು ಆಗಲೇ ಹಸಿರು. ಎಂಜಿನಿಯರು "ಅಬ್ಬಾ, ಉಂಡ್ರು ನೋಡ್ರಿ" ಎಂದು ನಿಟ್ಟುಸಿರು ಬಿಟ್ಟ. ಊರ ತುಂಬ ಹೆಂಗಸರು ತಾವು ಬಿಟ್ಟ ಊಟವನ್ನು ಗಂಡಂದಿರ ಮುಂದೆ ಸರಿಸುತ್ತಿದ್ದರು, ಅನ್ನ ಹಾಳಾಗಬಾರದು, ನಮಗೆ ಚಿಂತೆಯಾಗಬಾರದು ಎಂದು.

"ಸರ್, ಗಾಡಿ ಬಿಡ್ರಿ!" ಕೊಠಡಿ ಕಿತ್ತುಹೋಗುವ ಹಾಗೆ ಚೀರಿದೆ. "ಹಸಿರ ನೋಡಬ್ಯಾಡ್ರಿ! ಕಿತ್ತಳೆ ಆಗಿ ಆಮ್ಯಾಲ ಹಸಿರಾದ ಮನಿ ಯಾವ್ಯಾವು ಅದಾವು, ಅಲ್ಲಿಗೇ ಮೊದಲು ಗಾಡಿ ಬಿಡ್ರಿ. ಅಲ್ಲಿ ಉಣ್ಣಾಕತ್ತಾಂವ ಗಂಡಸು. ಉಣ್ಣಾಕ ಆಗದಾಕಿ ಬಾಜೂಕ ನಿಂತಾಳ, ಆಕೀನ್ನ ಕರ್ಕೊಂಡ್ ಬರ್ರಿ!"

ಕುಂದರಗಿಯವರು ಓಡಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ಅವತ್ತೇ ನೋಡಿದ್ದು. ಅಂಗಳದಲ್ಲಿದ್ದ ಗಾಡಿಗಳು ಒಂದರ ಹಿಂದೆ ಒಂದು ಗೇಟು ದಾಟಿದವು.

ಫೋನು ಇನ್ನೂ ನನ್ನ ಕೈಯಲ್ಲಿತ್ತು.

"ಯಾಕ ಸಿಂಚೂ, ಏನಾತು? ಯಾಕ ಹಂಗ ಚೀರಾಕತ್ತಿ?" ವೈನಿ ಕೇಳುತ್ತಿದ್ದಳು. "ಅವರು ಕಾಯಾಕತ್ತಾರವ್ವಾ. ಬಡಿಸ್ಲೋ, ಬ್ಯಾಡೋ?"